ಬಾಗಿಲ ಹಿಂದಿನ ಪೊರಕೆ

ವೈದ್ಯರು ಬರೆದುಕೊಟ್ಟ ಹಳದಿ ಕಾಗದವನ್ನು ದೊರ್ವಲಿನಾ ನಾಲ್ಕು ಮಡಿಕೆ ಮಾಡಿ ಚೀಲದಲ್ಲಿಟ್ಟುಕೊಂಡು ಬಂದಿದ್ದಳು. ನೋಂದಣಿ ಕಚೇರಿಯ ಬೆಂಚಿನ ಮೇಲೆ ಕೂತಮೇಲೆ, ಮಡಿಸಬಾರದಿತ್ತೇನೋ ಅನ್ನಿಸಿ ಹೊರಗೆ ತೆಗೆದು, ತೊಡೆಯ ಮೇಲೆ ಹರವಿ, ಅಂಗೈಯಿಂದ ತೀಡತೊಡಗಿದಳು. ಮಡಿಕೆಯ ಗೆರೆ ಹೋಗಲಿಲ್ಲ. ಜೆನೊವೇವಾ ತೊನೊಲಿ, ತೊಂಬತ್ತೊಂದು ವರ್ಷ, ಹೃದಯ ನಿಂತು ಸಾವು ಎಂದು ಬರೆದಿತ್ತು. ಗೆರೆ ಸರಿಯಾಗಿ ಹೆಸರಿನ ಮೇಲೇ ಹಾದುಹೋಗಿತ್ತು. ಅವಳ ಬೆರಳುಗಳಲ್ಲಿ ಇನ್ನೂ ಸಾಬೂನಿನ ವಾಸನೆ ಇತ್ತು. ಬೆಳಗಿನ ಜಾವ ಮುದುಕಿಯ ಉಸಿರು ನಿಂತಾಗ ಪಕ್ಕದಲ್ಲಿದ್ದವಳು ಅವಳೊಬ್ಬಳೇ. ನೀರು ಕಾಸಿ, ಮೈ ಒರೆಸಿ, ಮೊಮ್ಮಗಳ ಮದುವೆಗೆ ಹೊಲಿಸಿದ್ದ ನೀಲಿ ಉಡುಪು ತೊಡಿಸಿ, ಗದ್ದಕ್ಕೆ ಬಟ್ಟೆ ಕಟ್ಟಿ, ಆಮೇಲೆಯೇ ರಾಜಧಾನಿಯಲ್ಲಿದ್ದ ಮಗ ಅದೆಮಾರನಿಗೆ ಫೋನು ಮಾಡಿದ್ದಳು. ಇಷ್ಟೆಲ್ಲ ಮಾಡುವಾಗ ಒಂದು ಹನಿ ಕಣ್ಣೀರೂ ಬರಲಿಲ್ಲ. ಪಕ್ಕದ ಮನೆಯವಳು ಕಾಫಿ ತಂದುಕೊಟ್ಟು ಅವಳ ಮುಖವನ್ನೇ ನೋಡಿದ್ದಳು. ಬಾಯಲ್ಲಿ ಏನೂ ಹೇಳದಿದ್ದರೂ, ಉಂಡ ಮನೆಯ ಯಜಮಾನಿ ಸತ್ತರೂ ಈ ಹೆಂಗಸಿನ ಕಣ್ಣು ಒಣಗಿದೆಯಲ್ಲ ಎಂದು ಆ ನೋಟ ಹೇಳಿತ್ತು. ಅಥವಾ ಹಾಗೆ ಹೇಳಿತೆಂದು ದೊರ್ವಲಿನಾಗೆ ಅನ್ನಿಸಿತ್ತು.

ಮಣ್ಣು ಮಾಡುವುದು ಸಂಜೆ ನಾಲ್ಕಕ್ಕೆ. ಕಚೇರಿಯಿಂದ ಚೀಟಿ ಬಾರದೆ ಗುಂಡಿ ತೋಡುವವನು ಗುದ್ದಲಿ ಮುಟ್ಟುವುದಿಲ್ಲ. ಕಾರಿನಿಂದ ಇಳಿದ ಅದೆಮಾರ್ ತಾಯಿಯ ಹಣೆ ಮುಟ್ಟಿ, ಒಂದು ನಿಮಿಷ ನಿಂತು, ನೇರ ಅಡುಗೆಮನೆಗೆ ಬಂದ. ಓಡಾಟದ ಕೆಲಸ ಆ ಮನೆಯಲ್ಲಿ ಯಾವತ್ತೂ ದೊರ್ವಲಿನಾಳದು. ಔಷಧಿಯಿಂದ ಹಿಡಿದು ಕಾಫಿ ಮಂಡಿಯ ರಸೀತಿಯವರೆಗೆ ಎಲ್ಲಿ ಯಾವ ಕಾಗದ ಇದೆಯೆಂದು ಗೊತ್ತಿದ್ದವಳೂ ಅವಳೇ. ಆದ್ದರಿಂದ ಹೋಗುತ್ತೀಯಾ ಎಂದು ಅವನು ಕೇಳಲಿಲ್ಲ. ಜಾಗ್ರತೆ ಮಾತ್ರ ಹೇಳಿದ. "ಮಕ್ಕಳೆಷ್ಟು ಅಂತ ಕೇಳ್ತಾರೆ ದೊರ್ವಾ. ಎರಡು ಅನ್ನು. ನಾನು, ಇವೋನೆ. ನೀನು ಬೇರೆ ಸೇರ್ಕೊಂಡು ಗೋಜಲು ಮಾಡ್ಬೇಡ. ನಮಗೆ ಮನಸ್ಸಲ್ಲಿ ಗೊತ್ತಲ್ಲ, ಸಾಕು." ಅವಳು ತಲೆಯಾಡಿಸಿದ್ದಳು. ಅವನ ಮಗ ರೆನಾನ್ ಇನ್ನೊಂದು ಚೀಟಿ ಕೈಗಿಟ್ಟ. ಇಟಲಿಯ ಪಾಸ್‌ಪೋರ್ಟಿಗಾಗಿ ಎರಡು ವರ್ಷದಿಂದ ಮನೆತನದ ಬೇರು ಕೆದಕುತ್ತಿದ್ದ ಹುಡುಗ ಅವನು. ಇಟಲಿಯಿಂದ ಹಡಗಿನಲ್ಲಿ ಬಂದ ಮುತ್ತಜ್ಜ ಒರೆಸ್ತೆ ತೊನೊಲಿಯ ಮರಣದ ದಾಖಲೆ ಒಂದು ಬಾಕಿಯಿತ್ತು. ಹೇಗೂ ಹೋಗ್ತಿದ್ದೀಯಲ್ಲ, ಅದರದ್ದೂ ಒಂದು ಪೂರ್ತಿ ನಕಲು ಮಾಡಿಸ್ಕೊಂಡು ಬಾ ಅತ್ತೆ, ಎಂದು ಒಂದು ನಕಲಿಗಾಗುವಷ್ಟು ದುಡ್ಡನ್ನೂ ಚೀಟಿಯಲ್ಲಿ ಸುತ್ತಿ ಕೊಟ್ಟಿದ್ದ. ಕೆಲಸವಿದ್ದಾಗ ಮಾತ್ರ ಅವನು ಅವಳನ್ನು ಅತ್ತೆ ಅನ್ನುತ್ತಿದ್ದ.

ಎರಡು ಅನ್ನುವುದಿಲ್ಲ. ಬಸ್ಸಿನಲ್ಲಿ ಬರುವಾಗಲೇ ಅವಳು ನಿರ್ಧರಿಸಿಬಿಟ್ಟಿದ್ದಳು. ಐವತ್ತೆಂಟು ವರ್ಷದಲ್ಲಿ ಯಾವ ವಿಷಯಕ್ಕೂ ಹೀಗೆ ಹಟ ಹಿಡಿದದ್ದು ಅವಳಿಗೆ ನೆನಪಿಲ್ಲ. ಮನೆ ಬೇಡ, ಕಾಫಿ ತೋಟ ಬೇಡ, ನಡುಕೋಣೆಯ ಹಿತ್ತಾಳೆ ಗಡಿಯಾರವೂ ಬೇಡ. ಒಂದು ಸಾಲು ಸಾಕು. ಸತ್ತವರ ಪುಸ್ತಕದಲ್ಲಿ, ಅದೆಮಾರ್, ಇವೋನೆ, ಆಮೇಲೆ ಒಂದು ಅಲ್ಪವಿರಾಮ ಹಾಕಿ, ದೊರ್ವಲಿನಾ. ಇಲ್ಲಿ ಸುದ್ದಿ ತಂದವರ ಬಾಯಿಮಾತನ್ನೇ ಬರೆದುಕೊಳ್ಳುತ್ತಾರೆ, ಸಾಕ್ಷಿ ಕೇಳುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಮುದುಕಿ ಎಷ್ಟು ಸಲ ಹೇಳಿರಲಿಲ್ಲ, ನೀನು ನನ್ನ ಮಗಳಿದ್ದ ಹಾಗೆ ಎಂದು. ಕಾಫಿ ಕೊಯ್ಲಿಗೆ ಬಂದ ಒಬ್ಬ ಕರಿಯ ಹುಡುಗಿ ಗಿಡದ ಬುಡದಲ್ಲೇ ಹೆತ್ತು ಸತ್ತಳಂತೆ. ಅದೇ ತಿಂಗಳು ತನ್ನ ಕೂಸನ್ನು ಕಳೆದುಕೊಂಡಿದ್ದ ಜೆನೊವೇವಾ ಮಗುವನ್ನು ಎತ್ತಿ ಎದೆಗೆ ಹಾಕಿಕೊಂಡಳಂತೆ. ಈ ಕತೆಯನ್ನು ದೊರ್ವಲಿನಾ ಅವಳ ಬಾಯಿಂದಲೇ ನೂರು ಸಲ ಕೇಳಿದ್ದಳು. ಮಳೆ, ಸೂಲಗಿತ್ತಿ ತಡವಾಗಿ ಬಂದದ್ದು, ಕಾಫಿಯ ಬುಟ್ಟಿ, ಎಲ್ಲ ಪ್ರತಿ ಸಲವೂ ಅದೇ ಜಾಗದಲ್ಲಿ ಬರುತ್ತಿದ್ದವು. ಅವಳು ಮುದುಕಿಯನ್ನು ಅಮ್ಮ ಎಂದು ಕರೆದದ್ದಿಲ್ಲ; ಮದ್ರೀನ್ಯಾ, ಧರ್ಮತಾಯಿ, ಎಂದೇ ಕರೆಯುತ್ತಿದ್ದಳು. ಹಾಲು ಕುಡಿಸಿದವಳು ತಾಯಲ್ಲದೆ ಮತ್ತೇನು? ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಮಲಗಿದ್ದು, ಎಲ್ಲರದೂ ಆದಮೇಲೆ ಉಂಡದ್ದು, ಇವೋನೆ ಓದಲು ಹೋದ ವರ್ಷ ತಾನು ನಾಲ್ಕನೇ ತರಗತಿಗೆ ಶಾಲೆ ಬಿಟ್ಟದ್ದು, ಇವೆಲ್ಲ ಆ ಪ್ರಶ್ನೆಯ ಪಕ್ಕದಲ್ಲಿ ಬಂದು ನಿಂತಾಗ ಅವಳು ಮುಖ ತಿರುಗಿಸಿಕೊಳ್ಳುತ್ತಿದ್ದಳು.

ಗುಮಾಸ್ತೆ ಎಲಿಯೆಟಿ ಪರಿಚಯದವಳೇ, ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡು ಮೇಜಿನ ಮೇಲೆಲ್ಲ ಹುಡುಕುವ ಜಾತಿ. ಮುದುಕಿ ಹೋದಳೆಂದು ಕೇಳಿ ಎರಡು ಮಾತು ಆಡಿದಳು, ಎದೆಯ ಮೇಲೆ ಶಿಲುಬೆ ಬರೆದುಕೊಂಡಳು, ಕಂಪ್ಯೂಟರಿನ ಕಡೆ ತಿರುಗಿದಳು. ಸತ್ತವರಿಗೂ ನಿಮಗೂ ಏನಾಗಬೇಕು ಎಂದು ಕೇಳಿದಳು. ಬಸ್ಸಿನಲ್ಲಿ ಅಷ್ಟು ಹೊತ್ತು ಬಾಯಲ್ಲಿಟ್ಟುಕೊಂಡು ಬಂದಿದ್ದ ಪದ ಆ ಗಳಿಗೆಗೆ ಕೈಕೊಟ್ಟಿತು. ಮನೆಯವಳು ಎಂದಳು ದೊರ್ವಲಿನಾ. ಎಲಿಯೆಟಿ ತಲೆಯೆತ್ತದೆ, ಕೊನೆ ಗಳಿಗೆಯಲ್ಲಿ ಜೊತೆಗಿದ್ದವರು ಅಂತ ಬರೀತೀನಿ ದೊರ್ವಕ್ಕ, ಅದಕ್ಕೂ ಕಾನೂನಲ್ಲಿ ಜಾಗ ಇದೆ, ಎಂದು ಬೆರಳಾಡಿಸಿದಳು. ಗುರುತಿನ ಚೀಟಿ ಕೇಳಿದಳು. ಚೀಟಿಯಲ್ಲಿ ತಾಯಿಯ ಹೆಸರು ಒತ್ತಿಲಿಯಾ ದೊ ರೊಜಾರಿಯೊ, ತಂದೆಯ ಜಾಗ ಖಾಲಿ. ಆ ಖಾಲಿ ಜಾಗದ ಮೇಲೆ ಹೆಬ್ಬೆರಳಿಟ್ಟು ಕೊಡುವುದು ದೊರ್ವಲಿನಾಗೆ ಹಳೇ ಅಭ್ಯಾಸ, ಈಗಲೂ ಹಾಗೆಯೇ ಕೊಟ್ಟಳು. ಆಮೇಲೆ ಒಂದೊಂದಾಗಿ ಪ್ರಶ್ನೆ ಬಂದವು. ಸತ್ತವರ ತಂದೆ ತಾಯಿ ಯಾರು, ಮೈಬಣ್ಣ ಯಾವುದು, ಉದ್ಯೋಗ ಏನು, ಓಟು ಹಾಕುತ್ತಿದ್ದರೇ, ಉಯಿಲು ಇದೆಯೇ, ಆಸ್ತಿ ಇದೆಯೇ. ಬಿಳಿ. ಗೃಹಿಣಿ. ಹಾಕುತ್ತಿದ್ದರು. ಇಲ್ಲ. ಇದೆ. ಇಷ್ಟಾಗುವ ಹೊತ್ತಿಗೆ ಕಂಪ್ಯೂಟರ್ ಅಲ್ಲೇ ನಿಂತುಹೋಯಿತು. ಎಲಿಯೆಟಿ ಅದರ ತಲೆಗೆ ಎರಡು ತಟ್ಟಿದಳು. ರಾಜಧಾನಿಯಿಂದಲೇ ಲೈನು ಹೋಗಿದೆ, ಹತ್ತು ನಿಮಿಷವೂ ಆದೀತು, ಒಂದು ಗಂಟೆಯೂ ಆದೀತು, ಸತ್ತವರಿಗೇನೂ ಅವಸರವಿಲ್ಲವಲ್ಲ ಎಂದು ನಕ್ಕವಳು, ಎದುರಿಗಿರುವವಳು ಯಾರೆಂದು ನೆನಪಾಗಿ ಬಾಯಿ ಮುಚ್ಚಿಕೊಂಡಳು.

ಸುಮ್ಮನೆ ಕೂರುವ ಬದಲು ರೆನಾನನ ಕೆಲಸ ಮುಗಿಸೋಣವೆಂದು ದೊರ್ವಲಿನಾ ಅವನ ಚೀಟಿ ತೆಗೆದಳು. ತೊನೊಲಿ ಎಂದು ಮನೆತನದ ಹೆಸರು ಹೇಳಿದಳು. ಮನೆತನ ಇಟ್ಕೊಂಡು ಏನ್ಮಾಡ್ಲಿ ಅಕ್ಕ, ಇಟ್ಟ ಹೆಸರು ಹೇಳಿ, ಇಲ್ಲಿ ಸತ್ತವರೆಲ್ಲ ಇಟ್ಟ ಹೆಸರಲ್ಲೇ ಮಲಗಿದಾರೆ ಎಂದಳು ಎಲಿಯೆಟಿ. ಒರೆಸ್ತೆ. ಹಾಗಾದರೆ ಒ. ಅವಳು ಕಪಾಟಿನಿಂದ ಬೆನ್ನು ಕಿತ್ತುಹೋದ ಒಂದು ಉದ್ದನೆಯ ಸೂಚಿ ಪುಸ್ತಕ ತಂದು, ಒ ಅಕ್ಷರದ ಪುಟ ತೆರೆದು ಮುಂದಿಟ್ಟು, ಸಾಲು ಸಿಕ್ಕಿದರೆ ಪುಸ್ತಕದ ನಂಬರು ಹೇಳಿ ಎಂದವಳು ಲೈನಿನವರಿಗೆ ಫೋನು ಹಚ್ಚಿದಳು. ದೊರ್ವಲಿನಾ ಬೆರಳಿಟ್ಟು ಓದಿಕೊಂಡು ಹೋದಳು. ಶಾಯಿ ಕಂದಾಗಿತ್ತು. ಬಂದ ಬಂದ ಹಾಗೆ ಬರೆದುಕೊಂಡ ಹೆಸರುಗಳು: ಒಲಿಂಪಿಯಾ, ಒಸ್ವಾಲ್ದೊ, ಒರ್ಲಾಂದಾ, ಹೆಸರೇ ಇಡದ ಯಾವುದೋ ಕೂಸಿನ ಸಾಲೊಂದು ತಪ್ಪಿ ಇಲ್ಲಿ ಬಂದಿತ್ತು. ಒರೆಸ್ತೆ ತೊನೊಲಿ ಸಿಕ್ಕಿದ, ಸಾವಿರದ ಒಂಬೈನೂರ ಎಪ್ಪತ್ತೊಂಬತ್ತು, ಹದಿನಾಲ್ಕನೇ ಪುಸ್ತಕ. ಅಲ್ಲಿಗೇ ಬೆರಳು ನಿಲ್ಲಬೇಕಿತ್ತು. ನಾಲ್ಕನೇ ತರಗತಿಯ ಓದು ಅವಳದು. ಒಮ್ಮೆ ಹೊರಟ ಬೆರಳು ಪುಟದ ತುದಿ ಮುಟ್ಟುವವರೆಗೆ ನಿಲ್ಲುತ್ತಿರಲಿಲ್ಲ. ಐದು ಸಾಲು ಕೆಳಗೆ ಒತ್ತಿಲಿಯಾ ದೊ ರೊಜಾರಿಯೊ ಎಂದಿತ್ತು, ಸಾವಿರದ ಒಂಬೈನೂರ ಎಂಬತ್ತಮೂರು.

ಮೊದಲು ಏನೂ ಆಗಲಿಲ್ಲ. ಯಾರೋ ಇದೇ ಹೆಸರಿನವಳು ಎಂದುಕೊಂಡಳು. ಹಾಗೆ ಅಂದುಕೊಂಡ ಮನಸ್ಸು ತನ್ನ ಗುರುತಿನ ಚೀಟಿಯನ್ನೂ ಈ ಸಾಲನ್ನೂ ಅಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಹೋಲಿಸುತ್ತಿರುವುದು ಅವಳಿಗೆ ಆಮೇಲೆ ಗೊತ್ತಾಯಿತು. ತಾಯಿ ಸತ್ತದ್ದು ಐವತ್ನಾಲ್ಕರಲ್ಲಿ, ತಾನು ಹುಟ್ಟಿದ ದಿನ. ಈ ಸೂಚಿಯಲ್ಲಿ ಅಷ್ಟು ಹಿಂದಿನವರು ಇರುವುದೇ ಇಲ್ಲ. ಎಲಿಯೆಟಿ ಫೋನಿಟ್ಟ ಮೇಲೆ ಅವಳು ಎರಡು ನಂಬರು ಹೇಳಿದಳು. ಎರಡನೆಯದು ಯಾರದು ಎಂದು ಕೇಳಿದ್ದಕ್ಕೆ ಅದೂ ಬೇಕಾಗಿತ್ತು ಎಂದಳು, ತನ್ನ ದನಿ ಪಕ್ಕದ ಕೋಣೆಯಿಂದ ಬಂದ ಹಾಗೆ ಕೇಳಿಸಿತು. ಎಲಿಯೆಟಿ ಹದಿನೈದನೇ ಪುಸ್ತಕವನ್ನು ಎದೆಗವಚಿಕೊಂಡು ತಂದು, ಧೂಳು ಊದಿ, ಪುಟ ಹುಡುಕಿಕೊಟ್ಟು, ಇನ್ನೊಂದಕ್ಕಾಗಿ ಒಳಗೆ ಹೋದಳು.

ಯಾರದೋ ಚೆಂದದ ಕೈಬರಹ. ಆಗಸ್ಟ್ ಒಂಬತ್ತನೇ ತಾರೀಕು ಈ ಊರಿನ ಕೆಳಗಿನ ಕೇರಿಯಲ್ಲಿ, ತನ್ನ ಗುಡಿಸಿಲಿನಲ್ಲಿ, ಒತ್ತಿಲಿಯಾ ದೊ ರೊಜಾರಿಯೊ ಮೃತಳಾದಳು. ಬಣ್ಣ ಕಪ್ಪು, ವಯಸ್ಸು ನಲವತ್ತೊಂಬತ್ತು, ಪೊರಕೆ ಕಟ್ಟಿ ಮಾರುವವಳು, ಅವಿವಾಹಿತೆ. ಆಸ್ತಿ ಇಲ್ಲ. ಉಯಿಲು ಇಲ್ಲ. ಮೂವರು ಮಕ್ಕಳನ್ನು ಅಗಲಿದ್ದಾಳೆ: ದೊರ್ವಲಿನಾ, ಇಪ್ಪತ್ತೊಂಬತ್ತು ವರ್ಷ, ಝಾಯಿರ್, ಇಪ್ಪತ್ತನಾಲ್ಕು, ನಿಲ್ಜಾ, ಇಪ್ಪತ್ತೊಂದು. ಅವಳು ತುಟಿಯಾಡಿಸುತ್ತ ಮತ್ತೊಮ್ಮೆ ಓದಿದಳು. ದೊರ್ವಲಿನಾ, ಇಪ್ಪತ್ತೊಂಬತ್ತು ವರ್ಷ. ಅಲ್ಪವಿರಾಮವೋ ಅರ್ಧವಿರಾಮವೋ ಏನೋ ಇತ್ತು. ಮೊದಲನೆಯವಳಾಗಿ ಇದ್ದಳು. ಕೆಳಗೆ ಸುದ್ದಿ ತಂದವರ ಹೆಸರು, ಬಣ್ಣ ಬಿಳಿ, ಗೃಹಿಣಿ, ಅದರ ಕೆಳಗೆ ಸಹಿ. ಹೆಸರನ್ನು ಓದುವ ಮೊದಲೇ ಸಹಿ ಗುರುತಾಯಿತು. ಮೊದಲ ಅಕ್ಷರದ ಬಾಲವನ್ನು ಇಡೀ ಹೆಸರಿನ ಅಡಿಯಲ್ಲಿ ಎಳೆದುಕೊಂಡು ಹೋಗುವ ಆ ಸಹಿಯನ್ನು ಅವಳು ಪ್ರತಿ ಕೊಯ್ಲಿನಲ್ಲೂ ಮಂಡಿಯ ರಸೀತಿಯ ಮೇಲೆ ನೋಡಿದ್ದಳು. ಜೆನೊವೇವಾ ತೊನೊಲಿ. ಮೇಜಿನ ಅಂಚು ಹಿಡಿದುಕೊಂಡಳು, ಆ ಅಂಚು ನಿಜವಾಗಿ ಅಲ್ಲಿದೆಯೇ ಎಂದು ಇನ್ನೊಂದು ಕೈಯಿಂದಲೂ ಮುಟ್ಟಿ ನೋಡಿದಳು.

ಪೊರಕೆಯವಳು. ಶನಿವಾರ ಶನಿವಾರ ಹಿತ್ತಲಿನ ಬಾಗಿಲಿಗೆ ಬರುತ್ತಿದ್ದ ಪೊರಕೆಯವಳು. ಹೆಗಲ ಮೇಲೆ ಐದಾರು ಪೊರಕೆ, ತಲೆಗೆ ಬಿಳಿ ಬಟ್ಟೆ, ಕಾಲಲ್ಲಿ ಚಪ್ಪಲಿ ಇದ್ದರೆ ಇತ್ತು. ಅವಳಿಗೆ ಹೆಸರೊಂದು ಇರಬಹುದೆಂದೇ ದೊರ್ವಲಿನಾಗೆ ಹೊಳೆದಿರಲಿಲ್ಲ. ಮನೆಯಲ್ಲಿ ಬಾಳೆಹಣ್ಣಿನವನಿಗೆ, ಗ್ಯಾಸಿನವನಿಗೆ, ಪಾತ್ರೆಯವನಿಗೆ ದುಡ್ಡು ಕೊಡುವವಳು ಅವಳೇ, ಪೊರಕೆಯವಳಿಗೆ ಮಾತ್ರ ಮದ್ರೀನ್ಯಾ ತಾನೇ ಎದ್ದು ಹೋಗುತ್ತಿದ್ದಳು, ಬಾಗಿಲನ್ನು ಅರ್ಧ ಎಳೆದುಕೊಂಡು ನಿಲ್ಲುತ್ತಿದ್ದಳು. ವಾರಕ್ಕೊಂದು ಪೊರಕೆ ಯಾವ ಮನೆಗೆ ಬೇಕು? ಉಗ್ರಾಣದಲ್ಲಿ ಹೊಸ ಪೊರಕೆಗಳ ರಾಶಿ ಬಿದ್ದಿರುತ್ತಿತ್ತು; ಅದೆಮಾರ್ ಅದನ್ನು ನೋಡಿ ಅಮ್ಮ ಮಾಟಗಾತಿ ಆಗೋ ಹಾಗಿದಾಳೆ ಎಂದು ನಗುತ್ತಿದ್ದ. ಆ ಹೆಂಗಸು ಪೊರಕೆ ಕೊಟ್ಟಮೇಲೂ ಹೋಗುತ್ತಿರಲಿಲ್ಲ. ಅರ್ಧ ಬಾಗಿಲಿನಿಂದ ಒಳಗೆ ನೋಡುತ್ತ ನಿಲ್ಲುತ್ತಿದ್ದಳು, ಒಲೆಯ ಮುಂದೆ ಮೆಕ್ಕೆಜೋಳದ ಹಿಟ್ಟಿನ ಪೊಲೆಂಟ ತಿರುವುತ್ತಿದ್ದ ದೊರ್ವಲಿನಾಳ ಬೆನ್ನು ಆ ನೋಟಕ್ಕೆ ತುರಿಸುತ್ತಿತ್ತು. ಒಮ್ಮೆ ಮದ್ರೀನ್ಯಾಳನ್ನು, ಉಂಡಿದಾಳಾ ಎಂದು ಕೇಳಿದ್ದಳು. ತನ್ನನ್ನು ಕುರಿತೇ ಕೇಳಿದ್ದು ಎಂದು ತಿಳಿದು ದೊರ್ವಲಿನಾಗೆ ಮೈಯೆಲ್ಲ ಉರಿದಿತ್ತು. ಕಾಲಿಗೆ ಚಪ್ಪಲಿಯಿಲ್ಲದವಳು ತನ್ನ ಊಟ ವಿಚಾರಿಸುವುದೇ ಎಂದು. ತನಗೂ ಆ ಹೆಂಗಸಿಗೂ ಇದ್ದ ಬಣ್ಣದ ಸಾಮ್ಯವೇ ಆ ಉರಿಗೆ ಕಾರಣವಿರಬಹುದು ಎಂದು ಈಗ, ಈ ಮೇಜಿನ ಮುಂದೆ, ಅವಳಿಗೆ ಅನ್ನಿಸಿತು. ಆ ಮನೆಯಲ್ಲಿ ಕಪ್ಪಾಗಿ ಇದ್ದವಳು ತಾನೊಬ್ಬಳೇ, ಅದನ್ನು ನೆನಪಿಸುವವರು ಬಾಗಿಲಿಗೆ ಬರುವುದು ಅವಳಿಗೆ ಬೇಡವಾಗಿತ್ತು.

ಅದೊಂದು ಶನಿವಾರ, ಹದಿನಾರೋ ಹದಿನೇಳೋ ವರ್ಷದವಳಿದ್ದಾಗ, ಸಿಮೆಂಟಿನ ನೆಲಕ್ಕೆ ಕೆಂಪು ಮೇಣ ಹಚ್ಚಿ ಮೊಣಕಾಲ ಮೇಲೆ ಕೂತು ಉಜ್ಜುತ್ತಿದ್ದಳು. ಮದ್ರೀನ್ಯಾ ಕಣದಲ್ಲಿದ್ದಳು. ಹೊರಗೆ ಮಳೆ ಹಿಡಿದಿತ್ತು. ಪೊರಕೆಯವಳು ಬಂದು ನಿಂತಳು, ಒಂದು ಕಾಲು ಹೊಸ್ತಿಲೊಳಗೆ ಇಟ್ಟಳು. ಮೇಣ ಹಸಿ ಇದೆ, ಹೊರಗೇ ನಿಲ್ಲು ಎಂದು ದೊರ್ವಲಿನಾ ಒರಟಾಗಿ ಹೇಳಿದಳು. ಅವಳು ಕಾಲು ತೆಗೆದಳು, ಹೋಗಲಿಲ್ಲ. ಸೂರಿನ ನೀರು ಹೆಗಲ ಮೇಲೆ ಬೀಳುತ್ತಿದ್ದರೂ ನೋಡುತ್ತಲೇ ನಿಂತಳು. ಆಗ ದೊರ್ವಲಿನಾ ಎದ್ದು, ಮೂಲೆಯಲ್ಲಿದ್ದ ಪೊರಕೆ ತೆಗೆದು, ತಲೆಕೆಳಗು ಮಾಡಿ ಬಾಗಿಲ ಹಿಂದೆ ನಿಲ್ಲಿಸಿದಳು. ಬೇಡದ ಅತಿಥಿ ಬೇಗ ತೊಲಗಲೆಂದು ಯಾವ ಮನೆಯಲ್ಲಾದರೂ ಹೆಂಗಸರು ಮಾಡುವ ಕೆಲಸವೇ ಅದು. ಆದರೆ ಅತಿಥಿಗೆ ಕಾಣದ ಹಾಗೆ ಮಾಡುತ್ತಾರೆ. ಇವಳು ಕಾಣಲೆಂದೇ ಮಾಡಿದಳು. ಬಾಗಿಲ ಸಂದಿಯಿಂದ ಮೇಲ್ಮುಖವಾಗಿ ನಿಂತ ಕಡ್ಡಿಗಳು ಕಂಡವು. ಪೊರಕೆಯವಳು ನೋಡಿದಳು, ನಕ್ಕಳು. "ನಾನೇ ಕಟ್ಟಿದ ಪೊರಕೆ," ಎಂದಳು. "ಕೆಲಸ ಮಾಡದೆ ಇರತ್ತಾ?" ಹೆಗಲ ಮೇಲಿನ ಹೊರೆ ಸರಿಮಾಡಿಕೊಂಡು ಮಳೆಯಲ್ಲೇ ನಡೆದು ಹೋದಳು. ಆಮೇಲೂ ಶನಿವಾರಗಳಲ್ಲಿ ಬರುತ್ತಿದ್ದಳು, ಆದರೆ ಬೇಲಿಯ ಹತ್ತಿರವೇ ನಿಂತು ಚಪ್ಪಾಳೆ ತಟ್ಟಿ ಕರೆಯುತ್ತಿದ್ದಳು, ಮದ್ರೀನ್ಯಾ ಅಲ್ಲಿಗೇ ಹೋಗುತ್ತಿದ್ದಳು. ದೊರ್ವಲಿನಾ ಗೆದ್ದೆನೆಂದುಕೊಂಡಿದ್ದಳು. ಹನ್ನೆರಡು ಹದಿಮೂರು ವರ್ಷ, ದಿನಕ್ಕೆರಡು ಸಲ, ಆ ಪೊರಕೆಗಳಿಂದಲೇ ಆ ನೆಲ ಗುಡಿಸಿದ್ದಳು. ಕಡ್ಡಿಯ ಕಟ್ಟು ಎಂದೂ ಸಡಿಲಾಗುತ್ತಿರಲಿಲ್ಲ. ಎಷ್ಟೋ ಸಲ ಆ ಹಿಡಿಯ ಮೇಲೆ ಗದ್ದವಿಟ್ಟು ಸುಮ್ಮನೆ ನಿಂತಿದ್ದುಂಟು. ಆ ಹಿಡಿ ಗದ್ದಕ್ಕೆ ಒತ್ತುತ್ತಿದ್ದ ಜಾಗ ಈಗ ನೋಯತೊಡಗಿತು.

ಹಾಗಾದರೆ ಆ ಶಿಲುಬೆ ಯಾರದು? ಪ್ರತಿ ನವೆಂಬರ್ ಎರಡರಂದು, ಸತ್ತವರ ದಿನ, ಮದ್ರೀನ್ಯಾ ಅವಳ ಕೈಹಿಡಿದು ಸ್ಮಶಾನಕ್ಕೆ ಕರೆದೊಯ್ದು, ಹೆಸರಿಲ್ಲದ ಒಂದು ಮರದ ಶಿಲುಬೆ ತೋರಿಸಿ, ನಿನ್ನ ತಾಯಿ ಎಂದು ಮೇಣದ ಬತ್ತಿ ಹಚ್ಚಿಸುತ್ತಿದ್ದಳು. ಮಗುವಾಗಿದ್ದಾಗಿನಿಂದ ದೊರ್ವಲಿನಾ ಆ ಶಿಲುಬೆಗೆ ಎಷ್ಟು ಮಾತಾಡಿದ್ದಳು, ಮೊದಲ ಮುಟ್ಟಿನ ಸಂಗತಿಯನ್ನೂ ಅದಕ್ಕೇ ಹೇಳಿದ್ದಳು. ಒಂದು ವರ್ಷ, ಯಾವ ವರ್ಷವೆಂದು ಈಗ ತಿಳಿಯಿತು, ಮದ್ರೀನ್ಯಾ ಆ ಶಿಲುಬೆಯನ್ನು ದಾಟಿ ಹೋದಳು. ಗೋಡೆಯ ಅಂಚಿನಲ್ಲಿದ್ದ ಇನ್ನೊಂದು ಗುಡ್ಡೆಯ ಮುಂದೆ ನಿಂತಳು. ಇಷ್ಟು ವರ್ಷ ತಪ್ಪು ಜಾಗಕ್ಕೆ ಹಚ್ಚಿಸಿಬಿಟ್ಟೆ ಮಗಾ, ನಿನ್ನ ತಾಯಿ ಇಲ್ಲಿರೋದು ಎಂದಳು. ಮಣ್ಣು ಹಸಿಯಾಗಿದೆಯಲ್ಲ ಎಂದು ದೊರ್ವಲಿನಾ ಕೇಳಿದ್ದಳು. ಮಳೆಗೆ ಕುಸಿದಿತ್ತು, ಸರಿ ಮಾಡಿಸಿದೆ ಎಂದು ಉತ್ತರ ಬಂದಿತ್ತು. ಮುದುಕಿಗೆ ಮರೆವು ಹತ್ತುತ್ತಿದೆ ಎಂದುಕೊಂಡು ಅವಳು ತಲೆಕೆಡಿಸಿಕೊಳ್ಳಲಿಲ್ಲ. ಅದೇ ವರ್ಷ ಆಗಸ್ಟಿನಲ್ಲಿ ಒಂದು ದಿನ ಮದ್ರೀನ್ಯಾ ಕಪ್ಪು ಉಡುಪು ತೊಟ್ಟು ಒಬ್ಬಳೇ ಪೇಟೆಗೆ ಹೋಗಿದ್ದಳು, ಸಂಜೆ ಬಂದು ಊಟ ಬೇಡವೆಂದು ಮಲಗಿದ್ದಳು, ಮರುದಿನ ಎದ್ದವಳು ಕಾರಣವಿಲ್ಲದೆ ದೊರ್ವಲಿನಾಳ ತಲೆ ಬಾಚಿದ್ದಳು, ಇಪ್ಪತ್ತೊಂಬತ್ತು ವರ್ಷದ ಹೆಂಗಸಿನ ತಲೆಯನ್ನು. ಅವತ್ತು ಇಲ್ಲಿಗೇ ಬಂದಿದ್ದಳು. ಈ ಬೆಂಚಿನ ಮೇಲೇ ಕೂತಿದ್ದಳೋ ಏನೋ. ಮಕ್ಕಳೆಷ್ಟು ಎಂದು ಆಗಿನ ಗುಮಾಸ್ತ ಕೇಳಿದಾಗ ಮೂರು ಎಂದಿದ್ದಳು. ಕಾಗದಕ್ಕೆ ನಿಜ ಹೇಳಿ, ಮನೆಗೆ ಬಂದು, ತನಗೆ ಹೇಳದೆ, ಇಪ್ಪತ್ತೊಂಬತ್ತು ವರ್ಷ ಉಂಡು ಮಲಗಿ ಬೆಳಿಗ್ಗೆ ಸತ್ತಳು. ಎದ್ದು ಹೋಗಿ ಕೇಳಬೇಕು, ಯಾಕೆ ಎಂದು. ಆದರೆ ಕೇಳುವುದಕ್ಕೆ ಆಗದ ಹಾಗೆ, ಗದ್ದಕ್ಕೆ ಬಟ್ಟೆ ಬಿಗಿದು ಬಾಯಿ ಕಟ್ಟಿ ಬಂದವಳು ತಾನೇ.

ಲೈನು ಬಂತು ದೊರ್ವಕ್ಕ ಎಂದು ಎಲಿಯೆಟಿ ಕೂಗಿದಳು. ಒರೆಸ್ತೆಯ ಪುಸ್ತಕವನ್ನು ಮೇಜಿನ ಮೇಲಿಟ್ಟು, ಕುರ್ಚಿ ಎಳೆದು ಕೂತು, ಎಲ್ಲಿಗೆ ನಿಲ್ಲಿಸಿದ್ದೆವೆಂದು ನೋಡಿಕೊಂಡಳು. ಚೀಲದಲ್ಲಿ ಫೋನು ಹೊಡೆದುಕೊಳ್ಳುತ್ತಿತ್ತು, ಅದೆಮಾರನದೇ ಇರಬೇಕು, ನಾಲ್ಕಕ್ಕೆ ಪಾದ್ರಿ ಬರುತ್ತಾರೆ. "ಮಕ್ಕಳೆಷ್ಟು?" ಎಂದಳು ಎಲಿಯೆಟಿ.

ದೊರ್ವಲಿನಾ ಬಾಯಿ ತೆರೆದಳು. ಮೂರು ಎಂದರೆ ಮೂರೇ ಬರೆಯುತ್ತಾಳೆ ಈ ಹುಡುಗಿ, ಕೇಳುವವರಿಲ್ಲ. ಬೆಳಿಗ್ಗೆ ಅಷ್ಟು ದೊಡ್ಡದಾಗಿ ಕಂಡಿದ್ದ ಆ ಸಾಲು ಕಣ್ಣೆದುರಿಗೇ ಇತ್ತು, ಆದರೆ ಅದರ ಪಕ್ಕದಲ್ಲೇ ತೆರೆದ ಪುಟದಲ್ಲಿ ಅವಳ ಹೆಸರು ಆಗಲೇ ಬರೆದಾಗಿತ್ತು. ಇಲ್ಲಿ ಹೆಸರು ಬರೆಸಿದರೆ ಅಲ್ಲಿಂದ ತಾನೇ ಕೈಯಾರೆ ಹೊಡೆದುಹಾಕಿಸಿದ ಹಾಗೆ. ಒಮ್ಮೆ ಬಾಗಿಲ ಹಿಂದೆ ಪೊರಕೆ ಇಟ್ಟದ್ದು ಸಾಲದೇ? "ಎರಡು," ಎಂದಳು. "ಅದೆಮಾರ್. ಇವೋನೆ." ವಯಸ್ಸು ಹೇಳಿದಳು, ತಪ್ಪಿಲ್ಲದೆ ಹೇಳಿದಳು. ಎಲಿಯೆಟಿ ಓದಿ ಹೇಳಿದಳು, ಅವಳು ಸಹಿ ಹಾಕಿದಳು. ಮುದುಕಿಯ ಸಹಿಯ ಪಕ್ಕದಲ್ಲಿ ತನ್ನ ಸಹಿ ಮಕ್ಕಳ ಗೀಚಿನಂತೆ ಕಂಡಿತು. ಮಣ್ಣಿನ ಚೀಟಿಗೆ ಮುದ್ರೆ ಬಿತ್ತು.

ಇನ್ನು ಈ ಒರೆಸ್ತೆ ತಾತನ ನಕಲು ತಾನೇ ಎಂದು ಎಲಿಯೆಟಿ ಹದಿನಾಲ್ಕನೇ ಪುಸ್ತಕ ತೆರೆಯಹೋದಳು. ದೊರ್ವಲಿನಾ ರೆನಾನನ ಚೀಟಿಯಿಂದ ದುಡ್ಡು ಬಿಡಿಸಿ ಮೇಜಿನ ಮೇಲಿಟ್ಟು, ಅದರ ನಕಲು ಬೇಡ, ಇದರದ್ದು ಕೊಡು ಎಂದು ಹದಿನೈದನೆಯ ಪುಸ್ತಕದ ಮೇಲೆ ಅಂಗೈ ಊರಿದಳು. ಅವಳ ಇಡೀ ಬಾಳಿನಲ್ಲಿ ಆ ಮನೆಯ ದುಡ್ಡನ್ನು ಹೇಳಿದ ಕೆಲಸ ಬಿಟ್ಟು ಬೇರೆಯದಕ್ಕೆ ಬಳಸಿದ್ದು ಇದೇ ಮೊದಲು. ಎಲಿಯೆಟಿ ಕನ್ನಡಕ ಇಳಿಸಿಕೊಂಡು ಪುಟ ನೋಡಿದಳು. ನಮೂನೆಯೊಂದನ್ನು ತೆಗೆದು ಹೆಸರು ಬರೆದಳು, ತಾರೀಕು ಬರೆದಳು. ಆಮೇಲೆ ಅಭ್ಯಾಸಬಲದಿಂದ ಮೊದಲಿನ ಪ್ರಶ್ನೆಯನ್ನೇ ಕೇಳಿದಳು, ಸತ್ತವರಿಗೂ ನಿಮಗೂ ಏನಾಗಬೇಕು ಎಂದು.

"ಮಗಳು," ಎಂದಳು ದೊರ್ವಲಿನಾ.

ಎಲಿಯೆಟಿ ಪೆನ್ನು ನಿಲ್ಲಿಸಿದಳು. ಪುಟವನ್ನು ಇನ್ನೊಮ್ಮೆ ಓದಿದಳು. ಮೂವರ ಹೆಸರಿನಲ್ಲಿ ಮೊದಲನೆಯದನ್ನು, ಕೆಳಗಿನ ಸಹಿಯನ್ನು. ಎದ್ದು ಒಂದು ಲೋಟ ನೀರು ತಂದಿಟ್ಟಳು. ನಕಲಿನ ಮೇಲೆ ಮುದ್ರೆ ಒತ್ತುತ್ತ, ಕೆಳಗಿನ ಕೇರಿಯಲ್ಲಿ ನಿಲ್ಜಾ ಅನ್ನೋಳು ಒಬ್ಬಳಿದಾಳೆ ದೊರ್ವಕ್ಕ, ಹೊಲಿಗೆ ಹಾಕ್ತಾಳೆ, ನನ್ನ ಪರದೆಯೆಲ್ಲ ಅವಳೇ ಹೊಲಿದಿದ್ದು, ಎಂದು ಯಾರಿಗೋ ಹೇಳುವಂತೆ ಹೇಳಿದಳು. ಈ ಕಾಗದವನ್ನು ದೊರ್ವಲಿನಾ ಮಡಿಸಲಿಲ್ಲ. ಹಾಗೇ ರವಿಕೆಯೊಳಗೆ, ಮೈಗೆ ತಾಗುವಂತೆ ಇಟ್ಟುಕೊಂಡಳು.

ಮನೆಯ ಮುಂದೆ ಕಾರುಗಳು ನಿಂತಿದ್ದವು. ನಡುಕೋಣೆಯಲ್ಲಿ ಪೆಟ್ಟಿಗೆ, ನಾಲ್ಕು ಬತ್ತಿ, ಸುತ್ತ ಜನ; ಕಾಫಿಗೆ ಸಕ್ಕರೆ ಎಲ್ಲಿದೆ ದೊರ್ವಾ ಎಂದು ಅಡುಗೆಮನೆಯಿಂದ ಇವೋನೆ ಕೂಗಿ ಕೇಳಿದಳು. ಅದೆಮಾರ್ ಬಾಗಿಲಲ್ಲೇ ಕಾಗದ ಇಸಿದುಕೊಂಡು ಬೆರಳಿಟ್ಟು ಓದಿದ, ಮಕ್ಕಳು ಎಂಬಲ್ಲಿ ಬೆರಳು ನಿಂತಿತು, ಅವನ ಹೆಗಲು ಸಡಿಲಾಯಿತು. "ಅಮ್ಮ ನಿನ್ನನ್ನ ಮಗಳ ಹಾಗೇ ನೋಡ್ಕೊಂಡ್ಲು. ನೀನೂ ಹಾಗೇ ನಡ್ಕೊಂಡೆ," ಎಂದ. ರೆನಾನ್ ಮುತ್ತಜ್ಜನ ನಕಲು ಕೇಳಿದ. ಸಿಗಲಿಲ್ಲ ಎಂದಳು. ಅವನು ಇದೊಂದು ದರಿದ್ರ ಊರು ಎಂದು ಗೊಣಗಿದ, ದುಡ್ಡಿನ ನೆನಪು ಅವನಿಗೆ ಆಗ ಬರಲಿಲ್ಲ. ಅವಳು ಜನರ ನಡುವೆ ಜಾಗ ಮಾಡಿಕೊಂಡು ಪೆಟ್ಟಿಗೆಯ ಹತ್ತಿರ ಹೋದಳು. ಕೆಂಪು ನೆಲದ ಮೇಲೆಲ್ಲ ಬೂಟಿನ ಮ‌ಣ್ಣು ಬಿದ್ದಿತ್ತು. ಗುಡಿಸಲೆಂದು ಬಾಗಿಲಿಗೆ ಬಂದಳು, ಕೈ ತನ್ನಷ್ಟಕ್ಕೆ ಅದರ ಹಿಂದೆ ಹೋಯಿತು. ಅಲ್ಲಿ ಅಂಗಡಿಯ ಪ್ಲಾಸ್ಟಿಕ್ ಪೊರಕೆ ಇತ್ತು, ಹಸಿರು ಬಣ್ಣದ್ದು, ಹೋದ ತಿಂಗಳು ತಾನೇ ತಂದದ್ದು. ಇವರೆಲ್ಲ ಎದ್ದು ಹೋಗಲಿ, ಈ ಮನೆ ಒಂದು ಗಂಟೆಯ ಮಟ್ಟಿಗಾದರೂ ಖಾಲಿಯಾಗಲಿ, ನನ್ನ ತಾಯಿಯ ಸಾವಿಗೆ ನಾನು ಅಳಬೇಕು ಎಂದು ಅವಳ ಜೀವ ಹಂಬಲಿಸಿತು. ಪೊರಕೆಯನ್ನು ತಲೆಕೆಳಗು ಮಾಡಲು ಎತ್ತಿದಳು. ಎತ್ತಿದ್ದು ಹಾಗೇ ಕೈಯಲ್ಲಿ ಉಳಿಯಿತು. ಹೊಸ್ತಿಲ ಆಚೆ ಸೂರಿನ ನೀರು ಬೀಳುವ ಜಾಗದಲ್ಲಿ ಯಾರೂ ಇರಲಿಲ್ಲ.

ಅಲ್ಲೇ ನೆಲಕ್ಕೆ ಕುಸಿದು, ಪೊರಕೆಯ ಹಿಡಿಗೆ ಹಣೆ ಹಚ್ಚಿ, ದೊರ್ವಲಿನಾ ಅಳತೊಡಗಿದಳು. ಬೆಳಿಗ್ಗೆಯಿಂದ ಬಾರದಿದ್ದ ಅಳು ಕರುಳಿನಿಂದ ಬಂತು, ಸ್ವರ ಕೆಟ್ಟದಾಗಿತ್ತು, ಜನ ಮಾತು ನಿಲ್ಲಿಸಿ ತಿರುಗಿದರು. ಪಕ್ಕದ ಮನೆಯವಳು ಓಡಿಬಂದು ಬೆನ್ನು ಸವರಿದಳು. ಇವೋನೆ ಸಕ್ಕರೆಯ ಡಬ್ಬಿ ಹಿಡಿದುಕೊಂಡೇ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಅಮ್ಮಾ ಎಂದು ದೊರ್ವಲಿನಾ ಕೂಗಿದಳು, ಆ ಮನೆಯಲ್ಲಿ ಅವಳ ಬಾಯಿಂದ ಯಾರೂ ಕೇಳಿರದ ಮಾತು ಅದು. ರವಿಕೆಯೊಳಗಿನ ಕಾಗದ ಪ್ರತಿ ಬಿಕ್ಕಿಗೂ ಸದ್ದು ಮಾಡುತ್ತಿತ್ತು. ಪೆಟ್ಟಿಗೆಯ ತಲೆದೆಸೆಯಲ್ಲಿ ನಿಂತಿದ್ದ ಅದೆಮಾರ್ ಕಣ್ಣೊರೆಸಿಕೊಂಡು ಪಾದ್ರಿಯ ಕಡೆ ಬಾಗಿ, "ನೋಡಿ ಫಾದರ್, ಹೆತ್ತ ಮಗಳೂ ಹೀಗೆ ಅಳೋದಿಲ್ಲ," ಎಂದ.